ತುದಿಯ ಬಳ್ಳಿಯ ಗೊಂಚಲು

"ಹಣ್ಣು ಕಾಯೋಕೆ ಅಂತ ದ್ರಾಕ್ಷಿ ಗುಡ್ಡ ಮುಚ್ಚಿ ಮೂರು ವಾರ ಆಗಿತ್ತು ಕಣೇ ಹೆಡ್ವಿಕಾ. ಕಂಬ ನೆಟ್ಟಾಗಿತ್ತು, ಅದರ ನೆತ್ತೀಗೆ ಹೂವು ಕಟ್ಟಾಗಿತ್ತು. ಆಮೇಲೆ ತೋಟದೊಳಗೆ ಕಾಲಿಡೋ ಹಾಗಿಲ್ಲ ಅಂದ್ರೆ ಇಲ್ಲ. ಪಾದ್ರಿ ಆದ್ರೂ ಅಷ್ಟೆ, ತೋಟದ ಯಜಮಾನ ಆದ್ರೂ ಅಷ್ಟೆ. ನಾನು ಗುಡಿಸಲ ಮುಂದೆ ಕೂತು ಬ್ರೆಡ್ಡಿಗೆ ಹಂದಿಕೊಬ್ಬು ಸವರ್ಕೊಂಡು ಈರುಳ್ಳಿ ಹೆಚ್ತಾ ಇದ್ದೆ. ಮಧ್ಯಾಹ್ನದ ಹೊತ್ತು. ತಲೆ ಎತ್ತಿ ನೋಡ್ತೀನಿ, ಮೇಲಿನ ಸಾಲಿನ ತುದೀಲಿ ಒಬ್ಬ ಹೆಂಗಸು. ಬೂದು ಬಣ್ಣದ ಕೋಟು, ಪಟ್ಟಣದೋರು ಹಾಕೋ ಬೂಟು. ಒಂದೇ ಒಂದು ಗೊಂಚಲು ಕಿತ್ತು ಕೈಲಿ ಇಟ್ಕೊಂಡು ನಿಂತಿದ್ಲು. ತಿಂತಾ ಇರ್ಲಿಲ್ಲ. ಕಳ್ಳರಾದ್ರೆ ಓಡ್ತಾರೆ. ಇವಳು ಓಡ್ಲಿಲ್ಲ. ಸೀಟಿ ಊದ್ದೆ, ತಿರುಗಿ ನೋಡಿದ್ಲು, ಅಷ್ಟೆ. ಹತ್ರ ಹೋದೆ. ಜರ್ಮನ್‌ನಲ್ಲಿ ಏನೋ ಅಂದ್ಲು. ಬಳ್ಳಿ ತೋರಿಸಿದ್ಲು, ಕೆಳಗೆ ಊರಿನ ಕಡೆ ತೋರಿಸಿದ್ಲು, ಆಮೇಲೆ ತನ್ನ ಎದೆ ಮುಟ್ಕೊಂಡ್ಲು. ಭಾಷೆ ಬರದಿದ್ರೂ ಅದು ಅರ್ಥ ಆಗ್ದೇ ಇರೋಕೆ ನಾನೇನು ಕತ್ತೇನಾ? ನಾನಿರೋ ಮನೇಲಿ ಹಿಂದೆ ಇದ್ದೋರ ಮಗಳು ಅಂತ ತಿಳೀತು. ಸುತ್ತ ಒಂದು ನರಪಿಳ್ಳೆ ಇರ್ಲಿಲ್ಲ. ತಗೊಂಡು ಹೋಗಮ್ಮ ಅಂದಿದ್ರೆ ಯಾರಿಗೂ ಗೊತ್ತಾಗ್ತಿರ್ಲಿಲ್ಲ. ನಾನೇನ್ಮಾಡ್ದೆ ಗೊತ್ತಾ? ಕೈ ಚಾಚ್ದೆ. ಅವಳು ನನ್ನ ಕೈ ನೋಡಿದ್ಲು. ಗೊಂಚಲ ಮೇಲೆ ಒಂದು ಕಣಜ ಕೂತಿತ್ತು, ಅದನ್ನ ಊದಿ ಓಡಿಸಿ, ಎಳೇ ಮಗೂನ ಕೊಡೋ ಹಾಗೆ ನನ್ನ ಅಂಗೈಲಿ ಇಟ್ಟು, ಇಳ್ಕೊಂಡು ಹೋಗ್ಬಿಟ್ಲು. ಕೆಳಗೆ ರಸ್ತೇಲಿ ಬಿಳೀ ಕಾರು ನಿಂತಿತ್ತು. ಆ ಗೊಂಚಲು ಏನಾಯ್ತು ಅಂತ ಕೇಳು. ತಿಂದೆ. ಬ್ರೆಡ್ಡಿನ ಜೊತೆ ನಂಚ್ಕೊಂಡು ತಿಂದೆ. ಸಿಹಿ ಇತ್ತು."

ನಮ್ಮ ಲಿಸ್ಕೊವ್ ಊರಿನ ದ್ರಾಕ್ಷಿ ಕಾವಲುಗಾರ ವೆಂಡೆಲಿನ್ ಇದನ್ನು ನನಗೆ ಹೇಳಿದ್ದು ಅದು ನಡೆದು ನಲವತ್ತು ವರ್ಷ ಕಳೆದ ಮೇಲೆ. ಕ್ರಿಸ್‌ಮಸ್ ಆದ ಎರಡನೆಯ ದಿನ, ಪಾದ್ರಿ ಹೊಸ ವೈನಿಗೆ ತೀರ್ಥ ಚಿಮುಕಿಸಿ ಹೋಗಿದ್ದರು. ಉಳಿದವರೆಲ್ಲ ಹಾಡಲು ಪಕ್ಕದ ನೆಲಮಾಳಿಗೆಗೆ ಎದ್ದು ಹೋದರು, ನಾವಿಬ್ಬರೇ ಪೀಪಾಯಿಗಳ ನಡುವೆ ಉಳಿದೆವು. ಐವತ್ತು ವರ್ಷದಿಂದ ಅವನ ಅಂಗಳಕ್ಕೂ ನನ್ನ ಅಂಗಳಕ್ಕೂ ನಡುವೆ ಇರುವುದು ಒಂದೇ ಗೋಡೆ. ಆದರೂ ಅವನ ಮನೆಯ ಒಳಗೆ ನಾನು ಹೋದದ್ದು ಮೂರು ಸಲವೋ ನಾಲ್ಕು ಸಲವೋ. ನಮ್ಮೂರಿನವರು ಹಾಗೆಯೇ. ನೆಲಮಾಳಿಗೆಯ ಬಾಗಿಲು ದಾರಿಹೋಕನಿಗೂ ತೆರೆಯುತ್ತಾರೆ, ಮನೆಯ ಬಾಗಿಲನ್ನು ಬಂಧುಗಳಿಗೂ ಅರ್ಧವೇ ತೆರೆಯುತ್ತಾರೆ.

"ಯಾಕಣ್ಣ ಕಿತ್ಕೊಂಡೆ?" ಎಂದು ಕೇಳಿದೆ.

"ಕಿತ್ಕೊಳ್ಲಿಲ್ಲ, ಅವಳೇ ಕೊಟ್ಲು" ಎಂದ. ಲೋಟವನ್ನು ಪೀಪಾಯಿಯ ಮೇಲಿಟ್ಟು, "ಹೆದರಿಕೆ ಕಣೇ. ಇವತ್ತು ಗೊಂಚಲು ತಗೊಂಡು ಹೋದೋಳು ನಾಳೆ ಮನೆ ಕೇಳಿದ್ರೆ?" ಎಂದ.

ಆ ಹೆದರಿಕೆ ಏನೆಂದು ನನಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಎರಡನೆಯ ಮಹಾಯುದ್ಧದಲ್ಲಿ ಜರ್ಮನಿ ಸೋತ ಮರುವರ್ಷ ನಮ್ಮ ಸರಕಾರದವರು ಈ ಊರಿನ ಜರ್ಮನ್ ಜನರನ್ನೆಲ್ಲ ಗಂಟುಮೂಟೆಯ ಸಮೇತ ಗಾಡಿ ಹತ್ತಿಸಿ ಗಡಿ ದಾಟಿಸಿದರು. ಆ ಮನೆಗಳಿಗೆ ಎಲ್ಲೆಲ್ಲಿಂದಲೋ ನಮ್ಮಂಥ ಚೆಕ್ ಜನರನ್ನು ತಂದು ತುಂಬಿದರು. ವೆಂಡೆಲಿನ್ ಆಗ ಒಂಬತ್ತು ವರ್ಷದವನು. ಅವನ ಮನೆಯವರು ಬಂದಾಗ ಒಲೆಯ ಮೇಲಿನ ಪಾತ್ರೆಯಲ್ಲಿ ಆಲೂಗಡ್ಡೆ ಹಾಗೇ ಇತ್ತಂತೆ. ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಸೀಸದಕಡ್ಡಿಯ ಗೆರೆಗಳು, ವರ್ಷ ವರ್ಷಕ್ಕೂ ಒಂದೊಂದು, ಪಕ್ಕದಲ್ಲಿ ತೆರೇಸಿಯಾ ಎಂಬ ಹೆಸರು. ಅವನ ತಾಯಿ ಬೇರೆ ಜಾಗ ಹುಡುಕಲಿಲ್ಲ, ಮಗನ ಎತ್ತರವನ್ನೂ ಅಲ್ಲಿಯೇ ಗುರುತು ಮಾಡಿದಳು. ಆ ಹುಡುಗಿಯ ಕೊನೆಯ ಗೆರೆಗೂ ಇವನ ಮೊದಲ ಗೆರೆಗೂ ನಡುವೆ ಅರ್ಧ ಬೆರಳಿನ ಅಂತರ. ನನ್ನ ತಾಯಿಯೂ ಹಾಗೆಯೇ ಬೇರೆಯವರ ಮನೆಯಲ್ಲಿ ಸಂಸಾರ ಹೂಡಿದವಳು. ಸಾಯುವವರೆಗೂ ಒಂದು ಟ್ರಂಕನ್ನು ಬಿಚ್ಚದೆ ಹಾಗೆಯೇ ಇಟ್ಟಿದ್ದಳು. ಯಾರಾದರೂ ಬಂದು ಏಳಿ ಎಂದರೆ ಎದ್ದು ಹೋಗಬೇಕಲ್ಲ, ಅದಕ್ಕೆ.

ವೆಂಡೆಲಿನ್‌ನ ತಂದೆ ಆಲೂಗಡ್ಡೆ ಬೆಳೆಯುವ ಸೀಮೆಯವನು. ಮೊದಲ ಚಳಿಗಾಲದಲ್ಲಿ ದ್ರಾಕ್ಷಿ ಬಳ್ಳಿಯನ್ನು ಬೇಲಿ ಕತ್ತರಿಸಿದ ಹಾಗೆ ಬುಡದವರೆಗೂ ಕತ್ತರಿಸಿಬಿಟ್ಟ. ಆ ವರ್ಷ ಅವರ ತೋಟದಲ್ಲಿ ಒಂದು ಬುಟ್ಟಿ ಹಣ್ಣೂ ಆಗಲಿಲ್ಲ. ಜರ್ಮನರಲ್ಲಿ ಒಬ್ಬ ಮುದುಕ ಮಾತ್ರ ಊರಿನಲ್ಲಿ ಉಳಿದಿದ್ದ, ಹೆಂಡತಿ ಚೆಕ್ ಆದ್ದರಿಂದ. ಬಳ್ಳಿ ಕತ್ತರಿಸುವುದು, ಪೀಪಾಯಿಗೆ ಗಂಧಕದ ಹೊಗೆ ಹಾಕುವುದು ಎಲ್ಲವನ್ನೂ ಅವನೇ ಕಲಿಸಿಕೊಟ್ಟ. ಆಗಸ್ಟಿನಲ್ಲಿ ತೋಟದ ಬಾಯಿಗೆ ಕಂಬ ನೆಟ್ಟು ಗುಡ್ಡ ಮುಚ್ಚುವ ಪದ್ಧತಿಯೂ ಅವನಿಂದಲೇ ಬಂದದ್ದು. ಕಂಬ ಇಳಿಯುವ ತನಕ ಯಾರೂ ಹತ್ತುವಂತಿಲ್ಲ, ಕಾವಲುಗಾರ ಇಳಿಯುವಂತಿಲ್ಲ.

"ಅವರ ಕಾನೂನು ಕಲ್ತು ಅವರ ಮಗಳ ಕೈಯಿಂದಲೇ ಹಣ್ಣು ತಗೊಂಡೆ ನೋಡು" ಎಂದು ಅವತ್ತು ವೆಂಡೆಲಿನ್ ನಕ್ಕ. ನಾನು ನಗಲಿಲ್ಲ.

ಆ ಹೆಂಗಸು ಬಂದುಹೋದ ಮೇಲಿನ ಪ್ರತಿ ಕೊಯ್ಲಿನಲ್ಲೂ ಅವನು ಮೇಲಿನ ಸಾಲಿನ ತುದಿಯ ಬಳ್ಳಿಯಲ್ಲಿ ಒಂದು ಗೊಂಚಲು ಬಿಡುತ್ತಿದ್ದ, ಕಬ್ಬಕ್ಕಿಗಳು ಕುಕ್ಕದ ಹಾಗೆ ಕಾಗದದ ಚೀಲ ಕಟ್ಟಿ. ಸಹಕಾರ ಸಂಘದ ಕಾಲದಲ್ಲಿ ನಾನೂ ಕೊಯ್ಲಿಗೆ ಹೋಗುತ್ತಿದ್ದೆ. ಹೆಂಗಸರು ಬಿಡುತ್ತಿದ್ದರೇ?

"ಏನಯ್ಯಾ ವೆಂಡೆಲಿನ್, ಚೀಲದೊಳಗೆ ಯಾರನ್ನ ಬಚ್ಚಿಟ್ಟಿದ್ದೀಯ?"

"ಬರೋಳು ಹಾದಿ ತಪ್ಪಿರಬೇಕು ಕಣ್ರೇ, ದೀಪ ಹಚ್ಚಿಡಕ್ಕೆ ಹೇಳಿ!"

ಅವರಲ್ಲಿ ಅಪೊಲೆನಾ ಎಂಬುವಳಿಗೆ ಅವನ ಮೇಲೆ ನಿಜವಾಗಿಯೂ ಮನಸ್ಸಿತ್ತು. "ವರ್ಷಕ್ಕೆ ಹತ್ತು ವಾರ ಗುಡ್ಡದ ಮೇಲೆ ಇರೋನ ಕಟ್ಕೊಂಡು ಏನು ಮಾಡ್ಲಿ? ಒಂದು ಸಲ, ಒಂದೇ ಒಂದು ಭಾನುವಾರ ಇಳಿದು ಬಾ, ಕುಣಿಯೋಣ" ಎಂದು ಕಂಬದ ಹತ್ತಿರ ನಿಂತು ಕರೆದಳು. ಅವನು ಇಳಿಯಲಿಲ್ಲ. ಮರುವರ್ಷ ಅವಳು ಟ್ರ್ಯಾಕ್ಟರ್ ಓಡಿಸುವವನೊಬ್ಬನನ್ನು ಮದುವೆಯಾಗಿ ಬೇರೆ ಊರಿಗೆ ಹೋದಳು. ತಂದೆ ತಾಯಿ ತೀರಿಕೊಂಡ ಮೇಲೆ ಆ ಮನೆಯಲ್ಲಿ ಅವನೊಬ್ಬನೇ. ಅಂಗಳದ ಕೈಪಂಪು ಮೂರನೆಯ ಸಲ ಒತ್ತಿದಾಗ ಬೆಕ್ಕಿನ ಬಾಲ ತುಳಿದ ಹಾಗೆ ಕಿರುಗುಟ್ಟುತ್ತದೆ. ನನ್ನ ಗಂಡ ಇದ್ದಾಗ ಒಂದು ದಿನ ಎಣ್ಣೆಯ ಡಬ್ಬಿ ಹಿಡಿದು ಗೋಡೆಯ ಮೇಲಿಂದ ಬಗ್ಗಿ, "ತಾಳಯ್ಯ, ಎರಡು ಹನಿ ಬಿಡ್ತೀನಿ, ನನ್ನ ಹಲ್ಲು ಜುಮ್ ಅನ್ನುತ್ತೆ" ಎಂದಿದ್ದ. "ಬೇಡ ಮಾರಾಯ, ಮನೇಲಿ ಮಾತಾಡೋದು ಅದೊಂದೇ" ಎಂದ ವೆಂಡೆಲಿನ್. ಅದು ತಮಾಷೆಯೆಂದು ನನ್ನ ಗಂಡ ನಗುತ್ತಾ ಒಳಗೆ ಬಂದ.

ಅವನು ನನಗೆ ಈ ಕಥೆ ಹೇಳಿದ ಮುಂದಿನ ಮಾರ್ಚಿನಲ್ಲಿ ಒಂದು ಸಂಗತಿ ನಡೆಯಿತು. ಮೇಲಿನ ಸಾಲುಗಳನ್ನೆಲ್ಲ ಒತಾಕರ್ ಎಂಬ ಹುಡುಗ ಕೊಂಡುಕೊಂಡಿದ್ದ. ಹುಡುಗ ಎಂದರೆ ನಮ್ಮ ಲೆಕ್ಕಕ್ಕೆ ಹುಡುಗ, ನಲವತ್ತು ಆಗಿದೆ, ಒಳ್ಳೆಯವನು. ನೆಲಮಾಳಿಗೆಯಲ್ಲಿ ಗಾಜಿನ ಕೊಳವೆಯಿಂದ ವೈನ್ ಹೀರಿ ಎಲ್ಲರ ಲೋಟಕ್ಕೂ ಬಿಡುತ್ತಾ ಅವನು ವೆಂಡೆಲಿನ್‌ಗೆ ಅಂದ:

"ದೊಡ್ಡಪ್ಪ, ಈ ಸಲ ಕೊಯ್ಲಾದ ಮೇಲೆ ಮೇಲಿನ ಬಳ್ಳಿ ಎಲ್ಲ ಕೀಳಿಸ್ತೀನಿ. ನಿಮ್ಮಷ್ಟು ವಯಸ್ಸಾಗಿದೆ ಅದಕ್ಕೆ. ಹಣ್ಣು ಬಿಡಲ್ಲ, ಬರೀ ಗೊಣಗುತ್ತೆ."

"ಹಾಗಾದ್ರೆ ನನ್ನನ್ನೂ ಜೊತೇಲೇ ಕೀಳಿಸ್ಬಿಡಪ್ಪ."

"ನಿಮ್ಮ ಬೇರು ಕೀಳೋ ಯಂತ್ರ ಇನ್ನೂ ಬಂದಿಲ್ಲ ದೊಡ್ಡಪ್ಪ."

ಎಲ್ಲರೂ ನಕ್ಕರು. ನಗು ನಿಂತ ಮೇಲೆ ವೆಂಡೆಲಿನ್, "ತುದೀದು ಒಂದು ಬಿಡಕ್ಕೆ ಆಗಲ್ವಾ?" ಎಂದು ಕೇಳಿದ.

"ಟ್ರ್ಯಾಕ್ಟರ್ ತಿರುಗೋ ಜಾಗ ಅದು. ಹೇಗೆ ಬಿಡ್ಲಿ ಹೇಳಿ."

ವೆಂಡೆಲಿನ್ ತಲೆಯಾಡಿಸಿದ. ನಾವಿಬ್ಬರೂ ಮನೆಗೆ ನಡೆದೆವು. ತನ್ನ ಬಾಗಿಲ ಹತ್ತಿರ ನಿಂತು, "ಈ ವರ್ಷ ಕೊಡದಿದ್ರೆ ಆ ಬಳ್ಳೀದು ಇನ್ನು ಕೊಡಕ್ಕೇ ಆಗಲ್ಲ ಹೆಡ್ವಿಕಾ. ಅವಳು ಬದುಕಿದ್ರೆ ನನ್ನ ವಯಸ್ಸೇ" ಎಂದ.

ಪ್ರತಿ ಮೇ ತಿಂಗಳಲ್ಲಿ ಗಡಿಯಾಚೆಯಿಂದ ಒಂದು ಬಸ್ಸು ಬರುತ್ತದೆ. ಇಲ್ಲಿಂದ ಹೋದವರಲ್ಲಿ ಉಳಿದವರು ಇಳಿದು, ತಮ್ಮವರ ಸಮಾಧಿಗಳಿಗೆ ಹೂವಿಟ್ಟು, ಬೀದಿಯಲ್ಲಿ ಒಂದು ಸುತ್ತು ನಡೆದು, ಹೊರಟುಹೋಗುತ್ತಾರೆ. ವೆಂಡೆಲಿನ್ ಪ್ರತಿ ವರ್ಷ ಆ ದಿನ ತಂದೆಯ ಸಮಾಧಿಯ ಸುತ್ತ ಕಳೆ ಕೀಳುವ ನೆಪದಲ್ಲಿ ನಿಂತು ಹೆಂಗಸರ ಮುಖ ನೋಡುತ್ತಿದ್ದ. ಯಾರನ್ನೂ ಕೇಳಿದವನಲ್ಲ. ಈ ಸಲ ಟೊಪ್ಪಿಗೆ ಕೈಯಲ್ಲಿ ಹಿಡಿದು ಒಬ್ಬ ಮುದುಕನ ಮುಂದೆ ಹೋಗಿ ಮನೆಯ ನಂಬರನ್ನೂ ತೆರೇಸಿಯಾ ಎಂಬ ಹೆಸರನ್ನೂ ಹೇಳಿದ. ಆ ಮುದುಕ ಒಂದು ಚೀಟಿಯಲ್ಲಿ ವಿಯೆನ್ನಾದ ವಿಳಾಸ ಬರೆದುಕೊಟ್ಟ. ಅಷ್ಟು ಸುಲಭವಾಗಿತ್ತು.

ಶಾಲೆಯಲ್ಲಿ ಜರ್ಮನ್ ಕಲಿಸುವ ಮಿಲುಶೆ ಮೇಡಂ ಕಾಗದ ಬರೆದುಕೊಟ್ಟರು. ವೆಂಡೆಲಿನ್ ಹೇಳಿದ್ದು ನಾಲ್ಕೇ ಮಾತು: ನಾನು ನಿಮ್ಮ ಮನೆಯಲ್ಲಿದ್ದೇನೆ. ನಿಮ್ಮ ಕೈಯಿಂದ ಗೊಂಚಲು ತೆಗೆದುಕೊಂಡವನು ನಾನೇ. ತಪ್ಪಾಯಿತು. ಸೆಪ್ಟೆಂಬರಿನಲ್ಲಿ ಬನ್ನಿ, ಅದೇ ಬಳ್ಳಿಯದು ಇಟ್ಟಿರುತ್ತೇನೆ.

ಜೂನ್ ಹೋಯಿತು, ಜುಲೈ ಹೋಯಿತು. ಅಂಚೆಯವಳು ಸೈಕಲ್ ನಿಲ್ಲಿಸಿದರೆ ಸಾಕು, ಗೋಡೆಯಾಚೆ ಅವನ ಬಾಗಿಲು ಕಿರ್ರೆನ್ನುತ್ತಿತ್ತು. ಆಗಸ್ಟಿನಲ್ಲಿ ಕಂಬ ನೆಟ್ಟೆವು. ಈಗ ಅದೊಂದು ಹಬ್ಬದ ಆಟ. ಹಕ್ಕಿಗೆ ಬಲೆ ಬಂದಿದೆ, ತನ್ನಷ್ಟಕ್ಕೆ ಸಿಡಿಯುವ ತುಪಾಕಿ ಬಂದಿದೆ, ಹೊರಗಿನವರು ಬಂದು ಫೋಟೊ ತೆಗೆದುಕೊಳ್ಳುತ್ತಾರೆ, ಮರುದಿನವೇ ಎಲ್ಲರೂ ತೋಟಗಳಲ್ಲಿ ಓಡಾಡುತ್ತಾರೆ. ವೆಂಡೆಲಿನ್ ಒಬ್ಬನೇ ಹಾಸಿಗೆ ಸುತ್ತಿಕೊಂಡು ಗುಡಿಸಲು ಹತ್ತಿದ. ಅವನ ಕೋಳಿಗಳಿಗೆ ಕಾಳು ನೀರು ಹಾಕುವುದು ಎಂದಿನಂತೆ ನನ್ನ ಪಾಲಿಗೆ ಬಂತು.

ಕಾಗದ ಬಂದದ್ದು ಸೆಪ್ಟೆಂಬರಿನ ಎರಡನೆಯ ವಾರ. ಮಿಲುಶೆ ಮೇಡಂ ಅದನ್ನು ನಮ್ಮ ಭಾಷೆಯಲ್ಲಿ ಬರೆದುಕೊಟ್ಟು, ನನ್ನ ಭುಜ ಮುಟ್ಟಿದರು. ನಾನು ನಡುನಡುವೆ ಕೂತು ಸುಧಾರಿಸಿಕೊಂಡು ಗುಡ್ಡ ಹತ್ತಿದೆ. ಕಂಬದ ಹತ್ತಿರ ನಿಂತು ಕೂಗಿದೆ. ಬೇರೆ ಯಾರಾದರೂ ನೆಟ್ಟಗೆ ಒಳಗೆ ಹೋಗುತ್ತಿದ್ದರು. ನನಗೆ ಹೋಗಲಾಗಲಿಲ್ಲ. ಅವನು ಇಳಿದು ಬಂದು ಆಚೆ ಕಡೆ ನಿಂತ.

"ಓದು. ಕನ್ನಡಕ ಗುಡಿಸಲಲ್ಲಿದೆ."

ನನಗೆ ಬರುವಷ್ಟು ಓದಿದೆ, ಅಕ್ಷರ ಕೂಡಿಸಿ ಕೂಡಿಸಿ.

"ಮಾನ್ಯರೇ, ನೀವು ಬರೆದ ಹೆಂಗಸು ನಾನಲ್ಲ. ಗಾಡಿ ಹತ್ತಿದ ದಿನದಿಂದ ನಾನು ಗಡಿ ದಾಟಿ ಆ ಕಡೆ ಬಂದಿಲ್ಲ, ಬರುವ ಮನಸ್ಸೂ ಇಲ್ಲ. ನನಗೆ ಅಕ್ಕತಂಗಿಯರಿರಲಿಲ್ಲ. ಆದ್ದರಿಂದ ಕ್ಷಮಿಸಲು ನನ್ನ ಬಳಿ ಏನೂ ಇಲ್ಲ. ದ್ರಾಕ್ಷಿ ನನಗೆ ಅಷ್ಟಾಗಿ ನೆನಪಿಲ್ಲ, ಮಕ್ಕಳನ್ನು ಗುಡ್ಡಕ್ಕೆ ಬಿಡುತ್ತಿರಲಿಲ್ಲ. ಒಂದು ಕೇಳುತ್ತೇನೆ. ಅಂಗಳದ ಪಂಪು ಮೂರನೆಯ ಸಲ ಒತ್ತಿದಾಗ ಕಿರುಗುಟ್ಟುತ್ತಿತ್ತು. ಹಾಸಿಗೆಯಲ್ಲಿ ಮಲಗಿ ಅದನ್ನು ಕೇಳಿದರೆ ಅಮ್ಮ ಎದ್ದಿದ್ದಾಳೆ ಎಂದು ಗೊತ್ತಾಗುತ್ತಿತ್ತು. ನಾನೀಗ ನಾಲ್ಕನೆಯ ಮಹಡಿಯಲ್ಲಿ ಒಬ್ಬಳೇ ಇದ್ದೇನೆ. ಅದು ಈಗಲೂ ಕಿರುಗುಟ್ಟುತ್ತದೆಯೇ?"

ವೆಂಡೆಲಿನ್ ಕಂಬದ ನೆತ್ತಿಯ ಒಣಹೂವನ್ನು ನೋಡಿದ.

"ಮತ್ತೆ ಅವಳು ಯಾರು?"

ನಾನು ಕಾಗದ ಮಡಿಸಿದೆ.

"ಕೆಳಗೆ ತೋರಿಸಿದ್ಲು" ಎಂದು ಅವನು ಊರಿನ ಕಡೆಗೆ ತಿರುಗಿದ. ನಾನೂ ನೋಡಿದೆ. ಅಲ್ಲಿ ಮುನ್ನೂರು ಮನೆಗಳ ಕೆಂಪು ಹೆಂಚು. ನನ್ನದೂ ಅದರಲ್ಲಿ ಒಂದು. "ನಾನು ನಮ್ಮನೆ ಅಂದ್ಕೊಂಡೆ" ಎಂದ.

"ಗೊಂಚಲನ್ನ ಈ ತೆರೇಸಿಯಾಗೇ ಕಳಿಸಣ್ಣ, ಅಂಚೇಲಿ" ಎಂದೆ.

"ವಿಯೆನ್ನಾ ಮುಟ್ಟೋ ಹೊತ್ತಿಗೆ ವೈನ್ ಆಗಿರುತ್ತೆ. ಪಾಪ ಅಂಚೆಯೋನು ಕುಡ್ಕೊಂಡು ಹಾಡ್ತಾ ಹೋಗ್ತಾನೆ." ನಕ್ಕ. ನಗು ಮುಖದಲ್ಲಿ ನಿಲ್ಲಲಿಲ್ಲ. "ಕಿರುಗುಟ್ಟುತ್ತೆ ಅಂತ ಬರೆಸು. ಮೂರನೇದಕ್ಕೇ ಅಂತ ಬರೆಸು. ಬೇರೇನೂ ಬೇಡ."

ಕೊಯ್ಲಿನ ದಿನ ನಾನೂ ಹೋದೆ, ಕೊಯ್ಯಲು ಅಲ್ಲ, ಪ್ಲಮ್ ಹಣ್ಣಿನ ಸಿಹಿರೊಟ್ಟಿ ಹೊತ್ತುಕೊಂಡು. ಮೇಲಿನ ಸಾಲಿನ ತುದಿಗೆ ಬಂದಾಗ ಒತಾಕರ್ ಕತ್ತರಿ ತಗ್ಗಿಸಿ, "ಇದು ನಿಮ್ಮದು ದೊಡ್ಡಪ್ಪ, ಬಿಟ್ಟಿದ್ದೀನಿ" ಎಂದು ದೂರ ಸರಿದ. ವೆಂಡೆಲಿನ್ ಕಾಗದದ ಚೀಲ ಬಿಚ್ಚಿದ. ಒಂದು ಹಣ್ಣಿಗೂ ಕೊಕ್ಕು ತಾಗಿರಲಿಲ್ಲ. ಕತ್ತರಿಸಿ, ಅಂಗೈಯಲ್ಲಿಟ್ಟು ಸ್ವಲ್ಪ ಹೊತ್ತು ನಿಂತ, ಒಂದು ಹಣ್ಣನ್ನೂ ಬಾಯಿಗೆ ಹಾಕಲಿಲ್ಲ. ಆಮೇಲೆ ಉಳಿದ ಗೊಂಚಲುಗಳ ಜೊತೆ ತೊಟ್ಟಿಗೆ ಹಾಕಿ, ಚೀಲವನ್ನು ಮಡಿಸಿ ಜೇಬಿನಲ್ಲಿಟ್ಟುಕೊಂಡ. ಸಂಜೆ ಕಂಬ ಇಳಿಸಿದರು. ಅವನು ಹಾಸಿಗೆ ಸುತ್ತಿಕೊಂಡು ಮನೆಗೆ ಬಂದ.

ಮರುದಿನ ಬೆಳಿಗ್ಗೆ ನಾನು ಒಲೆ ಹಚ್ಚುತ್ತಿದ್ದೆ. ಗೋಡೆಯಾಚೆ ಬಕೆಟ್ ಇಟ್ಟ ಸದ್ದು ಕೇಳಿತು. ಪಂಪಿನ ಹಿಡಿ ಒಂದು ಸಲ ಇಳಿಯಿತು, ಎರಡು ಸಲ ಇಳಿಯಿತು. ನಾನು ಕಡ್ಡಿ ಗೀರದೆ ನಿಂತೆ. ಅವನೂ ಸ್ವಲ್ಪ ತಡೆದ. ಮೂರನೆಯದಕ್ಕೆ ಅದು ಕಿರುಗುಟ್ಟಿತು. ಆಮೇಲೆ ನೀರು ಬಂತು. ಬಕೆಟ್ ತುಂಬುವ ತನಕ ಒತ್ತಿ, ಕೋಳಿಗಳ ಬಾನಿ ತೊಳೆದು, ಹೊಸ ನೀರು ಹೊಯ್ದ.