ಗಿರಣಿಯ ಶ್ರುತಿಗೆ ಕಟ್ಟಿದ ಹಾಡು

ಸದಾಶಿವ ಪೇಠೆಯ ಈ ಓಣಿಯಲ್ಲಿ ಹಾಲಿನವನ ಸೈಕಲ್ಲು ಬಿಟ್ಟರೆ ಇನ್ನೂ ಸದ್ದಿಲ್ಲ. ಹಿಟ್ಟಿನ ಗಿರಣಿಯ ಶಟರು ಅರ್ಧ ಮೇಲೆ ಹೋಗಿದೆ. ಒಳಗೆ ಬಸವಲಿಂಗ ಹಂಡಿಗೋಳ ಅವರು ಬೀಸುಕಲ್ಲನ್ನು ಬಿಚ್ಚಿ ನೆಲದ ಮೇಲಿಟ್ಟು, ಸವೆದ ಗೆರೆಗಳನ್ನು ಉಳಿ ಸುತ್ತಿಗೆ ಹಿಡಿದು ಮತ್ತೆ ಕೊರೆಯುತ್ತಿದ್ದಾರೆ. ಹುಬ್ಬು, ಮೀಸೆ ಎಲ್ಲ ಬೆಳ್ಳಗೆ. ವಯಸ್ಸಿನ ಬಿಳುಪಲ್ಲ, ಅವರಿಗಿನ್ನೂ ಮೂವತ್ತನಾಲ್ಕು. ಗೋಡೆಯ ಮೊಳೆಗೆ ಪ್ಲಾಸ್ಟಿಕ್ ಚೀಲ ಸುತ್ತಿದ ಬೇಸ್ ಗಿಟಾರು ತೂಗುಬಿದ್ದಿದೆ.

“ಚೀಲ ತಗದ್ರ ತಂತಿಗೆಲ್ಲಾ ಹಿಟ್ಟು ಕೂಡ್ತದ್ರಿ. ಆಮ್ಯಾಲ ಬಾರ್ಸಿದ್ರ ರೊಟ್ಟಿ ಬಡದಂಗ ಕೇಳ್ತದ” ಎಂದು, ಅವರ ಬಗ್ಗೆ ಬರೆಯಲು ಬಂದ ನನಗೆ ಹೇಳುತ್ತಾರೆ.

ಅಥಣಿ ಕಡೆಯಿಂದ ಈ ಮರಾಠಿ ಊರಿಗೆ ಬಂದ ತಂದೆ ನಿಜಲಿಂಗಪ್ಪ ಹಾಕಿದ ಗಿರಣಿ ಇದು. ತಂದೆ ಈಗಿಲ್ಲ. ತಾಯಿ ಶಿವಬಸವ್ವ ತಕ್ಕಡಿಯ ಪಕ್ಕ ಕೂರುತ್ತಾರೆ, ಮಗ ಬೀಸುತ್ತಾರೆ. ಹತ್ತು ವರ್ಷದ ಹಿಂದೆ, ತೊಂಬತ್ತೆರಡರಲ್ಲಿ, ಬಸವಲಿಂಗ ಮತ್ತು ಮೂವರು ಗೆಳೆಯರು ‘ಲೋಡ್ ಶೆಡಿಂಗ್’ ಎಂಬ ರಾಕ್ ಬ್ಯಾಂಡ್ ಕಟ್ಟಿದರು. ಮಧ್ಯಾಹ್ನ ಪೇಠೆಯವರ ನಿದ್ದೆ ಕೆಡಿಸುವ ಧೈರ್ಯ ಯಾರಿಗೂ ಇರಲಿಲ್ಲ, ಸಂಜೆ ಅಕ್ಕಪಕ್ಕದಲ್ಲೆಲ್ಲ ಮಕ್ಕಳ ಟ್ಯೂಷನ್ ಕ್ಲಾಸುಗಳು. ತಾಲೀಮಿಗೆ ಉಳಿದದ್ದು ನಸುಕು, ಉಳಿದ ಜಾಗ ಗಿರಣಿ.

ಅಲ್ಲೇ ಒಂದು ತಪ್ಪೂ ಆಯಿತು. ಶ್ರುತಿ ಕೂಡಿಸಲು ಅವರ ಬಳಿ ಏನೂ ಇರಲಿಲ್ಲ. ಖಾಲಿ ತಿರುಗುವ ಮೋಟಾರಿನ ಗುಂಯ್ಯೆನ್ನುವ ನಾದಕ್ಕೇ ಗಿಟಾರುಗಳ ತಂತಿ ಬಿಗಿದರು, ಅಲ್ಲೇ ಹಾಡು ಕಟ್ಟಿದರು, ಅಲ್ಲೇ ಧ್ವನಿಮುದ್ರಿಸಿದರು. ಆಮೇಲೆ ಸ್ಟುಡಿಯೋದಲ್ಲಿ ಒಬ್ಬರು ಕೀಬೋರ್ಡ್ ನುಡಿಸಿ ನೋಡಿದಾಗ ಗೊತ್ತಾಯಿತು: ಹಾಡುಗಳು ಕರಿ ಪಟ್ಟಿಗೂ ಸೇರುವುದಿಲ್ಲ, ಬಿಳಿ ಪಟ್ಟಿಗೂ ಸೇರುವುದಿಲ್ಲ, ನಡುವೆ ಎಲ್ಲೋ ನಿಂತಿವೆ.

ಕ್ಯಾಸೆಟ್ಟು ಓಡಲಿಲ್ಲ. ಜಾಹೀರಾತಿನವರು ಮಾತ್ರ ಹುಡುಕಿಕೊಂಡು ಬಂದರು. ಒಂದು ಹಾಡಿನ ತುಣುಕು ಟಾಯರಿಗೆ ಹೋಯಿತು, ಇನ್ನೊಂದು ಚಹಾಪುಡಿಗೆ. ಕಾಲೇಜಿನ ಗಿಟಾರು ಹುಡುಗರು ಈಗಲೂ ಇವರನ್ನು ‘ಟಾಯರ್ ದಾದಾ’ ಎಂದು ಕಾಡುತ್ತಾರೆ.

“ಹಾಡು ಮಾರ್ಕೊಂಡ್ರಿ ಅಂತಾರ. ಹೌದ್ರೀ, ಮಾರೀವಿ. ಸುಮ್ಮನ ಪೆಟ್ಟಿಗ್ಯಾಗ ಇಟ್ಟಿದ್ರ ಇಲಿ ಕೇಳ್ತಿದ್ವು.”

ಹಾಡು ಕೊಡುವುದಕ್ಕೆ ಬ್ಯಾಂಡಿನಲ್ಲಿ ಒಂದೇ ನಿಯಮ. ನಾಲ್ವರೂ ಹೂಂ ಅನ್ನಬೇಕು, ಒಬ್ಬ ಬ್ಯಾಡ ಅಂದರೆ ಮುಗಿಯಿತು. ಬ್ಯಾಂಡು ನಿಂತು ವರ್ಷಗಳಾದರೂ ನಿಯಮ ನಿಂತಿಲ್ಲ. ಈಗ ಅವರ ಬೆಳಗಿನ ಹಾಡೊಂದನ್ನು ಮುಂಬಯಿಯ ಕಂಪನಿಯೊಂದು ಜಾಹೀರಾತಿಗೆ ಕೇಳಿದೆ. ಪಾಕೀಟಿನಲ್ಲಿ ಗೋಧಿ ಹಿಟ್ಟು ಮಾರುವ ಕಂಪನಿ. ವಾಕಡದಲ್ಲಿರುವ ಗೆಳೆಯ, ನಾಸಿಕದಲ್ಲಿರುವ ಗೆಳೆಯ ಇಬ್ಬರೂ ಒಪ್ಪಿದ್ದಾರೆ. ಡ್ರಮ್ ಬಾರಿಸುತ್ತಿದ್ದ ಸ್ವಪ್ನಿಲ್ ದೌಂಡದಲ್ಲಿ ರೈಲ್ವೆ ನೌಕರ. ಅವರೂ ಒಪ್ಪಿ, ಗೆಳೆಯನನ್ನು ಒಪ್ಪಿಸಲು ಇಂದು ಬೆಳಗಿನ ಗಾಡಿಗೆ ಬಂದಿದ್ದಾರೆ.

“ಬಸ್ಯಾ, ಇನ್ನೂ ಕಲ್ಲು ಕುಟ್ಟೂದು ಬಿಟ್ಟಿಲ್ಲೇನಲೇ?”

“ಡ್ರಮ್ ಬಾರ್ಸಾವ ಕೇಳೂ ಮಾತೇನಲೇ ಇದು?”

ಇಬ್ಬರೂ ನಗುತ್ತಾರೆ. ನಗು ಬೇಗ ಮುಗಿಯುತ್ತದೆ. ಸ್ವಪ್ನಿಲ್ ಧಾನ್ಯದ ಡಬ್ಬಿಯೊಂದರ ಮೇಲೆ ಕೂತು ನೇರ ವಿಷಯಕ್ಕೆ ಬರುತ್ತಾರೆ.

“ನಾ ಡ್ರಮ್ ಬಾರ್ಸ್ತಿದ್ದೆ ಅಂದ್ರ ನಮ್ಮ ಶಿವಾನಿ ನಗ್ತಾಳ. ಪಪ್ಪಾ, ಸುಳ್ಳು ಹೇಳಬ್ಯಾಡ ಅಂತಾಳ. ಟಾಯರಿಗೆ, ಚಹಾಕ್ಕ ಕೊಟ್ಟಾಗ ಆಕಿ ಭಾಳ ಸಣ್ಣಾಕಿ. ಒಂದ್ಸಲ ಟೀವ್ಯಾಗ ಬರ್ಲಿ ಬಿಡೋ.”

“ಈ ಹಾಡಿನ ಶ್ರುತಿ ಎಲ್ಲೀದು ಹೇಳು. ಈ ಮೋಟಾರಿಂದು. ಇದರ ದನಿ ಮ್ಯಾಲೆ ನಿಂತ ಹಾಡು, ಗಿರಣಿಗೆ ಹೋಗಬ್ಯಾಡ್ರಿ, ಪಾಕೀಟು ತಗೋರಿ ಅಂತ ಮಂದಿಗೆ ಹೇಳ್ಬೇಕೇನು?”

“ಅರೇ, ನೀ ಕೊಡ್ಲಿಲ್ಲಂದ್ರ ಪಾಕೀಟು ಬರೂದು ನಿಂದರ್ತದೇನು?”

“ನಿಂದ್ರೂದಿಲ್ಲ. ಬರ್ಲಿ. ಬ್ಯಾರೆ ಹಾಡು ಹಾಡ್ಕೋತ ಬರ್ಲಿ.”

“ಅಂವ ಗಾಡಿ ಹಿಡಿದು ಬಂದಾನ” ಎಂದು ಶಿವಬಸವ್ವ ತಕ್ಕಡಿಯ ಕಡೆಯಿಂದ ಗದರುತ್ತಾರೆ. “ಮದ್ಲ ಹೊಟ್ಟಿಗೇನರ ಹಾಕ್ರೋ. ಜಗಳ ಎಲ್ಲೂ ಓಡಿ ಹೋಗೂದಿಲ್ಲ.”

ಸ್ವಪ್ನಿಲ್ ರೊಟ್ಟಿ ತಿನ್ನುತ್ತಾರೆ, ಶಿವಬಸವ್ವನ ಕಾಲಿಗೆ ನಮಸ್ಕರಿಸುತ್ತಾರೆ. ಮರುಗಾಡಿ ಹಿಡಿಯಲು ಶಟರಿನ ಕೆಳಗೆ ಬಗ್ಗಿ ಹೊರಟುಹೋಗುತ್ತಾರೆ.

ಬಸವಲಿಂಗ ಕಲ್ಲನ್ನು ಜೋಡಿಸುತ್ತಾರೆ. ಈ ಕಸುಬು ಸುಲಭದ್ದಲ್ಲ. ಸುತ್ತಿನ ಹಳೆಯ ವಾಡೆ ಮನೆಗಳನ್ನು ಒಡೆದು ಫ್ಲ್ಯಾಟುಗಳು ಎದ್ದಿವೆ, ಡಬ್ಬಿ ಹೊತ್ತು ಬರುವವರು ವರ್ಷದಿಂದ ವರ್ಷಕ್ಕೆ ಕಡಿಮೆ. ಬರುವವರಲ್ಲಿ ಓಣಿಯ ಅಜ್ಜಿ ಸಕ್ಕುಬಾಯಿಯಂಥ ಹಳಬರೇ ಹೆಚ್ಚು. ಅವರು ಇಂದೂ ಮೊದಲಿಗರಾಗಿ ಬಂದು, ಡಬ್ಬಿ ಇಟ್ಟು, “ಹೋದಸಲ ನುಚ್ಚು ಮಾಡಿ ಕೊಟ್ಟಿದ್ದಿ, ನನ್ನ ಹಲ್ಲು ಏನು ಹೊಸಾವೇನು?” ಎಂದು ಬೈಯುತ್ತಾರೆ. ಬಸವಲಿಂಗ ತಲೆಯಾಡಿಸಿ ಕಲ್ಲನ್ನು ಇನ್ನಷ್ಟು ಬಿಗಿ ಮಾಡುತ್ತಾರೆ.

ಜನ ಕಡಿಮೆಯಾದ ಮೇಲೆ ಕೈ ಒರೆಸಿಕೊಂಡು ಮುಂಬಯಿಗೆ ಫೋನು ಮಾಡುತ್ತಾರೆ. ಮಾತು ಮರಾಠಿಯಲ್ಲಿ, ಚಿಕ್ಕದು. ನಾಲ್ವರಲ್ಲಿ ಒಬ್ಬ ಒಪ್ಪಿಲ್ಲ, ಹಾಡು ಸಿಗುವುದಿಲ್ಲ. ಯಾರು ಒಪ್ಪಿಲ್ಲ ಎಂದು ಆ ಕಡೆಯವರು ಕೇಳಿರಬೇಕು. “ನಾನೇ” ಎಂದು ಫೋನು ಇಡುತ್ತಾರೆ.

ಬೇಸರವಾಯಿತೇ ಎಂದು ಕೇಳಬೇಕೆಂದುಕೊಂಡಿದ್ದೆ. ಕೇಳಿದ್ದು ಬೇರೆ: ಮುಂದೆ ಏನಾಸೆ?

ಅವರು ಬಹಳ ಹೊತ್ತು ಯೋಚಿಸುವುದಿಲ್ಲ.

“ಯಾರರ ಸಾಬೂನಿನ ಕಂಪನಿಯವರು ಬರ್ಲಿರಿ. ಸಾಬೂನು, ಛತ್ರಿ, ಚಪ್ಪಲಿ, ಏನಿದ್ರೂ ನಡೀತದ. ಹಿಟ್ಟೊಂದು ಬಿಟ್ಟು. ಅವತ್ತ ಹೂಂ ಅಂತೀನಿ. ಆ ಹುಡುಗಿ ಶಿವಾನಿ ತಮ್ಮ ಅಪ್ಪ ಡ್ರಮ್ ಬಾರ್ಸೂದು ಕೇಳ್ಬೇಕ್ರಿ. ಅಂವ ಭಾಳ ಛಲೋ ಬಾರ್ಸ್ತಿದ್ದ.”