ಬಿರುಗಾಳಿ ಒಯ್ದ ಸೋಸುಬಟ್ಟೆ

ಆಯಿ ಹಿಂದಿನ ದಿನ ಮಧ್ಯಾಹ್ನದಿಂದ ಒಂದು ಹನಿ ನೀರು ಕುಡಿದಿರಲಿಲ್ಲ. ತಪ್ಪು ನನ್ನದು.

ಆಗ ನನಗೆ ಒಂಬತ್ತು ವರ್ಷ. ದೊಡ್ಡ ಯುದ್ಧದ ಕೊನೆಯ ದಿನಗಳು, ಬಟ್ಟೆಗೂ ರೇಷನ್. ಮಮದಾಪುರದ ಹೊರಗೆ, ಹಳ್ಳ ದಾಟಿದರೆ ನಮ್ಮ ತೋಟದ ಮನೆ.

(ಈಗ ಹುಕ್ಕೇರಿಯಲ್ಲಿ ಮಗಳ ಮನೆಯಲ್ಲಿದ್ದೇನೆ. ನಾನು ಹೇಳುತ್ತೇನೆ, ಮೊಮ್ಮಗಳು ಫೋನಿನಲ್ಲಿ ಟೈಪ್ ಮಾಡುತ್ತಾಳೆ. ತಪ್ಪಿದ್ದರೆ ಅವಳನ್ನೇ ಬೈಯಿರಿ.)

ಆಯಿ ಅಂದರೆ ನನ್ನ ಅಜ್ಜಿ. ನಾವು ಜೈನರು. ಹೊತ್ತು ಮುಳುಗಿದ ಮೇಲೆ ಆಯಿ ನೀರೂ ಮುಟ್ಟುತ್ತಿರಲಿಲ್ಲ, ಸೋಸದ ನೀರನ್ನಂತೂ ಯಾವ ಹೊತ್ತಿನಲ್ಲೂ ಇಲ್ಲ.

ಸೋಸುವುದಕ್ಕೆ ಎರಡು ಮಡಿಕೆ ಮಡಿಸಿದ ಒಂದು ದಪ್ಪ ಬಟ್ಟೆ. ಸೋಸಿದ ಮೇಲೆ ಬಟ್ಟೆಯನ್ನು ತಿರುವಿ, ಮೇಲೊಂದಿಷ್ಟು ನೀರು ಹಾಕಿ, ಅದರಲ್ಲಿ ಉಳಿದದ್ದನ್ನೆಲ್ಲ ತಂಬಿಗೆಗೆ ಇಳಿಸಿ, ಬಂದ ಬಾವಿಗೇ ಮರಳಿ ಬಿಡಬೇಕು. "ಕಣ್ಣಿಗಿ ಕಾಣದ ಜೀವ ಇರ್ತಾವು. ಅವಕ್ಕೂ ಮನಿ ಇರ್ತೈತಿ" ಅನ್ನುತ್ತಿದ್ದಳು ಆಯಿ.

ಬಿಡುವ ಕೆಲಸ ನನ್ನದು.

ಬಿರುಗಾಳಿ ಬಂದ ದಿನ ಬೆಳಿಗ್ಗೆಯೇ ಆಯಿ ಆಕಾಶ ನೋಡಿ ಅಂದಳು, "ಇವತ್ತ ಗಾಳಿ ಸುಮ್ನ ಬಿಡೂದಿಲ್ಲ."

ಅಪ್ಪ ಗೋಕಾಕಕ್ಕೆ ಹೋಗಿದ್ದ. ಅವ್ವ ಬಣವೆಗೆ ಹಗ್ಗ ಬಿಗಿದಳು, ದನಗಳನ್ನು ಒಳಗೆ ಕಟ್ಟಿದಳು. ಆಯಿ, ಅವ್ವ ಇಬ್ಬರೂ ಸೇರಿ ಚಪ್ಪರದ ತಗಡಿನ ಮೇಲೆ ಕಲ್ಲು ಹೇರಿದರು, ಒಲೆಯ ಕೆಂಡಕ್ಕೆ ನೀರು ಹೊಯ್ದರು.

ನನಗೆ ಎರಡೇ ಕೆಲಸ. ಅಂಗಳದ ಹಗ್ಗದ ಮೇಲಿನ ಸೋಸುಬಟ್ಟೆಯನ್ನು ಒಳಗೆ ತರಬೇಕು. ಕೊಡಗಳಿಗೆ ಮುಚ್ಚಳ ಹಾಕಬೇಕು.

ಆದರೆ ಏನು ಹೇಳಲಿ... ಅಂಗಳಕ್ಕೆ ಬಂದರೆ ಜಗತ್ತೆಲ್ಲ ಅರಿಶಿನ. ಕೋಳಿ ಹಳದಿ, ಗೋಡೆ ಹಳದಿ, ನನ್ನ ಕೈ ಹಳದಿ. ಒಂದು ಎಲೆ ಅಲುಗುತ್ತಿಲ್ಲ, ಎಲ್ಲೋ ಒಂದು ನವಿಲು ಕೂಗುತ್ತದೆ. ನಾನು ಬಾಯಿ ತೆರೆದು ನಿಂತೇ ಬಿಟ್ಟೆ.

ಆಮೇಲೆ ಬಂತು ಗಾಳಿ. ಅವ್ವ ನನ್ನನ್ನು ರಟ್ಟೆ ಹಿಡಿದು ಒಳಗೆ ಎಳೆಯುವಾಗ ನೋಡುತ್ತೇನೆ, ಸೋಸುಬಟ್ಟೆ ಹಗ್ಗ ಬಿಟ್ಟು ಮೇಲೇರುತ್ತಿದೆ. ಬೇವಿನ ಗಿಡ ದಾಟಿತು, ಹಳ್ಳ ದಾಟಿತು. ಸುಳ್ಳು ಯಾಕೆ ಹೇಳಲಿ, ಆ ಕ್ಷಣ ಬಹಳ ಚೆಂದ ಕಾಣಿಸಿತು.

ಗಾಳಿ, ಮಳೆ ನಿಂತಾಗ ಚಪ್ಪರ ಇರಲಿಲ್ಲ. ಮಾಳಿಗೆಯ ಒಂದು ಮೂಲೆ ಕುಸಿದು ಬಟ್ಟೆಯ ಪೆಟ್ಟಿಗೆ ಮಣ್ಣಿನಡಿ ಸೇರಿತ್ತು. ಮುಚ್ಚಳವಿಲ್ಲದ ಕೊಡಗಳ ತುಂಬ ರಾಡಿ. ಮುರಿದ ಬೇವು ನಮ್ಮ ಬಾವಿಯೊಳಗೆ ತಲೆಕೆಳಗಾಗಿ ಬಿದ್ದಿತ್ತು.

ಹಳ್ಳ ತುಂಬಿ ಹರಿಯುತ್ತಿತ್ತು. ಊರು ಆಚೆ, ನಾವು ಈಚೆ.

ಮರುದಿನ ನಾನೂ ಅವ್ವನೂ ತೊಟ್ಟಿಯಲ್ಲಿ ನಿಂತ ಮಳೆನೀರು ಕುಡಿದೆವು. ಆಯಿ ಮಾತ್ರ ಗೋಡೆಗೆ ಒರಗಿ ಕೂತಳು. ಅವ್ವ ಬೇಡಿಕೊಂಡಳು, ಅತ್ತಳು, ಕೊನೆಗೆ ಸೀರೆಯ ಸೆರಗು ಹಿಡಿದು ಇದರಲ್ಲೇ ಸೋಸುತ್ತೇನೆ ಅಂದಳು. ಉಟ್ಟ ಬಟ್ಟೆ ಆಗದು, ಆ ರೇಷನ್ ಕಾಲದಲ್ಲಿ ಹೊಸ ಬಟ್ಟೆ ಯಾರನ್ನು ಕೇಳುವುದು? ಆಯಿ ಬೇಡವೆಂದು ತಲೆಯಾಡಿಸಿದಳು.

ಅವಳ ತುಟಿ ಒಡೆದಿತ್ತು. ನನ್ನನ್ನು ಒಂದು ಮಾತೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಹೊತ್ತು ಇಳಿಯುವಾಗ ಹುಸೇನಬಿ ಕಾಕು ಬಂದಳು. ಹಳ್ಳದ ಈಚೆ ಇದ್ದ ಇನ್ನೊಂದೇ ಮನೆ ಅವರದು, ಚಿಕ್ಕಮ್ಮನಂತೆ ಅವಳನ್ನು ಕಾಕು ಅನ್ನುತ್ತಿದ್ದೆ. ಮೊಣಕಾಲತನಕ ಕೆಸರು.

"ಅಯ್ಯ ಆಯಿ, ಹಿಂಗ್ಯಾಕ ಕುಂತೀರಿ? ಮಾರಿ ನೋಡ್ರಿ ಹೆಂಗಾಗೇತಿ!"

ಅವ್ವ ಎಲ್ಲ ಹೇಳಿದಳು. ಕಾಕು ಒಮ್ಮೆ ಪಡುವಣದತ್ತ ನೋಡಿದಳು. ಸೂರ್ಯ ಗುಡ್ಡದಿಂದ ಎರಡು ಮಾರು ಮೇಲಿದ್ದ. ಅವನು ಇಳಿದರೆ ಆಯಿಗೆ ಇನ್ನೊಂದು ರಾತ್ರಿ ನೀರಿಲ್ಲ. ಆ ರಾತ್ರಿ ಅವಳು ಕಳೆಯುತ್ತಾಳೋ ಇಲ್ಲವೋ...

ಕಾಕು ಓಡಿದಳು. ಐವತ್ತು ದಾಟಿದ ಹೆಂಗಸು ಹಾಗೆ ಓಡಿದ್ದನ್ನು ನಾನು ಮತ್ತೆಂದೂ ನೋಡಲಿಲ್ಲ.

ಬಂದಾಗ ಸೊಂಟದಲ್ಲಿ ಅವರ ಬಾವಿಯ ತಿಳಿನೀರಿನ ಕೊಡ, ಹೆಗಲ ಮೇಲೆ ಮಡಿಕೆ ಬಿಚ್ಚದ ಬಿಳಿ ಬಟ್ಟೆ. ಗಂಡನ ಹಬ್ಬದ ಅಂಗಿಗೆಂದು ರೇಷನ್ ಸಾಲಿನಲ್ಲಿ ನಿಂತು ತಂದದ್ದು.

"ಹೊಸಾದೇನವಾ?" ಆಯಿ ಬಟ್ಟೆಯ ಅಂಚು ಮುಟ್ಟಿ ಕೇಳಿದಳು.

"ಒಮ್ಮಿನೂ ತೊಳದಿಲ್ರಿ, ಕೋರಾ ಐತಿ."

"ನಿನ್ನ ಗಂಡಗ ಅಂಗಿ?"

"ಹಳೇದ್ರಾಗ ಹಬ್ಬ ಮಾಡ್ತಾನ ತಗೊರಿ. ಅವಂಗೇನ ಲಗ್ನ ಐತೇನು?"

ಆಯಿ ನಕ್ಕಳು. ಅವ್ವ ಸೋಸಿದಳು. ಸೂರ್ಯನ ಅಂಚು ಗುಡ್ಡಕ್ಕೆ ತಾಗುವ ಮೊದಲು ಆಯಿ ಎರಡು ತಂಬಿಗೆ ನೀರು ಕುಡಿದಳು. ನನಗೆ ಅಳು ಬಂದುಬಿಟ್ಟಿತು.

ಆಮೇಲೆ ಆಯಿ ಬಟ್ಟೆ ತಿರುವಿ ಇಳಿಸಿದ ನೀರಿನ ತಂಬಿಗೆಯನ್ನು ಕಾಕುಗೆ ಕೊಟ್ಟಳು. "ಇದು ನಿಮ್ಮ ಬಾವಿದು. ಅಲ್ಲೇ ಬಿಡಬೇಕವಾ. ಮ್ಯಾಲಿಂದ ಸುರುವಬ್ಯಾಡ."

ಇನ್ನೊಂದು ಕೊಡ ನೀರು ತರಲು ನಾನು ಸ್ವಲ್ಪ ಹೊತ್ತು ಬಿಟ್ಟು ಹಿಂದೆಯೇ ಹೋದೆ. ದಾರಿಯುದ್ದ ಬಿದ್ದ ಗಿಡಗಳು, ಎಲೆಯ ವಾಸನೆ, ಕೆಸರಿನ ತುಂಬ ಕೆಂಪು ಆಕಾಶ. ಕಾಕು ಆ ತಂಬಿಗೆಯ ನೀರನ್ನು ದಾರಿಯಲ್ಲೇ ಎಲ್ಲೋ ಚೆಲ್ಲಿರುತ್ತಾಳೆ ಅಂದುಕೊಂಡಿದ್ದೆ. ಯಾಕೆಂದರೆ ನಾನು ದಿನಾ ಅದನ್ನೇ ಮಾಡುತ್ತಿದ್ದೆ... ಬಾವಿ ದೂರ ಅಂತ ಬಾಳೆಯ ಬುಡಕ್ಕೆ ಚೆಲ್ಲಿ, ಬಿಟ್ಟು ಬಂದೆ ಅಂತ ಆಯಿಗೆ ಹೇಳುತ್ತಿದ್ದೆ.

ಕಾಕು ಬಾವಿಯ ಕಟ್ಟೆಯ ಮೇಲೆ ಇದ್ದಳು. ನನ್ನನ್ನು ನೋಡಿರಲಿಲ್ಲ.

ತಂಬಿಗೆಯ ನೀರನ್ನು ಬಕೆಟ್ಟಿಗೆ ಹಾಕಿ, ಹಗ್ಗವನ್ನು ಗೇಣು ಗೇಣಾಗಿ ಇಳಿಸುತ್ತಿದ್ದಾಳೆ. ಬಕೆಟ್ಟು ನೀರು ಮುಟ್ಟಿತು. ಹಗ್ಗ ಸಡಿಲ ಬಿಟ್ಟಳು, ಅದು ತಾನಾಗಿ ವಾಲಿತು. ಕಾಕು ಬಗ್ಗಿ ಕತ್ತಲಾಗುತ್ತಿದ್ದ ಬಾವಿಯೊಳಗೆ ನೋಡಿ ಮೆಲ್ಲಗೆ ಅಂದಳು.

"ಹೋಗ್ರೆಪಾ... ನಿಮ್ಮ ಮನಿಗಿ ಹೋಗ್ರಿ."

ಅವತ್ತಿನಿಂದ ನಾನು ಬಾಳೆಯ ಬುಡದ ಹತ್ತಿರ ಹೋಗಲಿಲ್ಲ.

ನಿಮ್ಮ ಪಾಲಿನ ಕೆಲಸವನ್ನು, ಯಾರೂ ನೋಡದಾಗ, ನಿಮಗಿಂತ ನಿಷ್ಠೆಯಿಂದ ಮಾಡಿದವರು ನಿಮಗೂ ಯಾರಾದರೂ ಸಿಕ್ಕಿದ್ದಾರಾ?