ಬಾವಿಯ ಹಗ್ಗ ಮುಟ್ಟದ ತಾತ

ಬಾವಿಗೆ ಮೋಟಾರಿನ ಎಣ್ಣೆ ಇಳಿಸಿದವನು ವಕೀಲರ ಮನೆಯ ಡ್ರೈವರು. ಅದು ಚಾಮರಾಜಪೇಟೆಯ ನಮ್ಮ ಸಾಲುಮನೆಯವರಿಗೆಲ್ಲ ಗೊತ್ತಿತ್ತು. ಗೊತ್ತಿದ್ದೇ ಕೀಲೆಣ್ಣೆ ತಾತನನ್ನು ಓಡಿಸಿದರು. ಈಗ ಆ ಮಾತು ಬಂದರೆ ನಮ್ಮ ಮನೆಯ ಗಂಡಸರು "ಪಾಪ, ಆವಾಗ ಯಾರಿಗೂ ತಿಳೀಲಿಲ್ಲ" ಅನ್ನುತ್ತಾರೆ. ತಿಳಿದಿತ್ತು.

ತಾತನ ಕೈಗಳು ಮೊಣಕೈವರೆಗೆ ಕಪ್ಪಗಿದ್ದವು. ಬಿಸಿಲಿನ ಕಪ್ಪಲ್ಲ, ಹಂಡೆಯ ತಳದ ಕಪ್ಪು. ಉಗುರಿನ ಸಂದಿ, ಬೆರಳಿನ ಗಿಣ್ಣು, ಅಂಗೈಯ ಗೆರೆ, ಎಲ್ಲ ಕಡೆಯೂ ಇಳಿದುಹೋಗಿತ್ತು. ಮುಖ ಮಾತ್ರ ಗೋಧಿ ಬಣ್ಣ, ಹಣೆಯ ಮೇಲೆ ಬೆಳ್ಳಗೆ ವಿಭೂತಿ. ಆ ವಿಭೂತಿಯನ್ನು ಬೆರಳಿನಿಂದ ಹಚ್ಚಿದರೆ ಕಪ್ಪಾಗುತ್ತದೆಂದು ಬಟ್ಟೆಯ ತುಂಡಿನಲ್ಲಿ ಹಚ್ಚಿಕೊಳ್ಳುತ್ತಿದ್ದ. ದೂರದಿಂದ ನೋಡಿದರೆ ಬೇರೆ ಯಾರದೋ ಕೈ ತಂದು ಇವನಿಗೆ ಸೇರಿಸಿದ ಹಾಗೆ ಕಾಣುತ್ತಿತ್ತು.

ನಮ್ಮ ಮಾವನವರಿಗೆ ದೂರದ ಚಿಕ್ಕಪ್ಪ ಆಗಬೇಕು. ಒಂದು ಕಾಲಕ್ಕೆ ಗಾಡಿ ಹೊಡೆಯುತ್ತಿದ್ದನಂತೆ. ಎತ್ತು ಸತ್ತ ಮೇಲೆ ಗಾಡಿ ಮಾರಿ, ಬೇರೆ ಗಾಡಿಯವರಿಗೆ ಕೀಲೆಣ್ಣೆ ಮಾರಲು ಕೂತ. ಹುಲ್ಲು ಸುಟ್ಟ ಕರಿಯನ್ನು ಹರಳೆಣ್ಣೆಯಲ್ಲಿ ಅರೆದರೆ ಕೀಲೆಣ್ಣೆ. ಅದನ್ನು ಗಾಲಿಯ ಅಚ್ಚಿಗೆ ಬಳಿಯದಿದ್ದರೆ ಗಾಡಿ ಬೀದಿಯುದ್ದಕ್ಕೂ ಅರಚುತ್ತದೆ. ಬೆಳಗ್ಗೆ ಬಿದಿರಿನ ಗೊಟ್ಟಗಳಲ್ಲಿ ತುಂಬಿಕೊಂಡು ಸುಲ್ತಾನ್‌ಪೇಟೆಯ ಕಡೆ ಗಾಡಿಗಳು ನಿಲ್ಲುವ ಜಾಗಕ್ಕೆ ಹೋಗುವನು. ಮಧ್ಯಾಹ್ನ ಬಂದು ನಮ್ಮ ಹಿತ್ತಿಲ ಓಣಿಯ ಬಾವಿಯ ಹತ್ತಿರ, ಹೊಂಗೆಮರದ ಕೆಳಗೆ ಕೂರುವನು. ಆ ಮರಕ್ಕೆ ಒರಗಿಸಿ ಕಟ್ಟಿಕೊಂಡ ಜೋಪಡಿಯೇ ಅವನ ಮನೆ. ಅದು ಬಿಟ್ಟರೆ ಅವನಿಗೆ ಎಲ್ಲೂ ಏನೂ ಇರಲಿಲ್ಲ.

ಒಳ್ಳೆಯ ಮಾತಿನ ಮನುಷ್ಯ ಅಂತೇನೂ ಹೇಳಲಾರೆ. ಹೊಗೆಸೊಪ್ಪು ಅಗಿಯುತ್ತಿದ್ದ, ಗಾಡಿಯವರ ತಾಯಿ ತಂದೆಯನ್ನೆಲ್ಲ ಎಳೆದು ಬೈಯುತ್ತಿದ್ದ. ಸಾರಿಗೆ ಉಪ್ಪು ಕಮ್ಮಿಯಾದರೆ ತಟ್ಟೆ ತಳ್ಳುತ್ತಿದ್ದ, ಅದೂ ನಮ್ಮತ್ತೆ ಧರ್ಮಕ್ಕೆ ಹಾಕಿದ ಊಟ. ಆದರೆ ಬಾವಿಯ ಹಗ್ಗ ಮುಟ್ಟುತ್ತಿರಲಿಲ್ಲ. ಎಷ್ಟೇ ಬಾಯಾರಲಿ, ಕಟ್ಟೆಯಿಂದ ದೂರ ನಿಂತು ಕೂಗುವನು.

"ಯಾರವ್ವಾ ಒಳ್ಗೆ? ನೀರು ಹುಯ್ಯಿ ಬಾ."

ನಾನು ಮಾಗಡಿಯ ಕಡೆಯಿಂದ ಮದುವೆಯಾಗಿ ಬಂದ ಹೊಸದು. ಇನ್ನೂ ಸೀರೆ ಉಡುವುದೇ ನೆಟ್ಟಗೆ ಬರುತ್ತಿರಲಿಲ್ಲ. ಮನೆಯದು ಸೊಪ್ಪಿನ ವ್ಯಾಪಾರ, ಬಾವಿಯ ಕೆಲಸ ನನ್ನದು. ಸೇದಿ, ಎತ್ತರದಿಂದ ಅವನ ಬೊಗಸೆಗೆ ಹುಯ್ಯುತ್ತಿದ್ದೆ. ಮೊದಲ ಸಲ ನನಗೆ ಅನುಮಾನ ಬಂತು.

"ತಾತ, ನೀವು ನಮ್ಮೋರೇ ಅಲ್ವಾ? ನೀವೇ ಸೇದ್ಕೋಬೋದಲ್ಲ?"

"ಜಾತಿಗಲ್ಲ ಕಣವ್ವ, ಕೈಗೆ." ಎರಡೂ ಕೈ ನನ್ನ ಮುಖಕ್ಕೆ ಹಿಡಿದ. "ಇದು ಹಗ್ಗಕ್ಕೆ ಅಂಟ್ತದೆ, ಹಗ್ಗ ನೀರಿಗೆ ಇಳೀತದೆ. ನಿಮ್ಮತ್ತೆ ಮಾಡೋ ಸಾರು ಮೊದ್ಲೇ ಚೆನ್ನಾಗಿಲ್ಲ, ಕೀಲೆಣ್ಣೆನೂ ಬೆರೆತ್ರೆ?"

ಆ ಮನೆಗೆ ಬಂದ ಮೇಲೆ ನಾನು ನಕ್ಕಿದ್ದು ಅದೇ ಮೊದಲು. ಸೊಪ್ಪು ತೊಳಿ, ಕಟ್ಟು ಕಟ್ಟು, ಮುಸುರೆ ತಿಕ್ಕು ಅನ್ನುವುದು ಬಿಟ್ಟು ನನ್ನ ಜೊತೆ ಮಾತು ಅಂತ ಆಡಿದವನೂ ಅವನೊಬ್ಬನೇ. ಊರು ಯಾವುದು, ಅಪ್ಪ ಏನು ಬೆಳೀತಾನೆ, ತಮ್ಮನಿಗೆ ಹಲ್ಲು ಬಿತ್ತಾ, ಎಲ್ಲ ಕೇಳುವನು. ನೀರು ಕುಡಿಯುವಷ್ಟು ಹೊತ್ತು ಮಾತ್ರ. ಅದಕ್ಕೇ ನಿಧಾನವಾಗಿ ಕುಡಿಯುತ್ತಿದ್ದನೋ ಏನೋ.

ಹೀಗಿರುವಾಗ ಮುಂದಿನ ಬೀದಿಯ ವಕೀಲರು ಮೋಟಾರು ತಂದರು. ಅದರ ಕೊಟ್ಟಿಗೆಯ ಹಿಂಬಾಗಿಲು ನಮ್ಮ ಓಣಿಗೇ ತೆರೆಯುತ್ತಿತ್ತು. ಡ್ರೈವರಿಗೆ ಖಾಕಿ ಕೋಟು, ತಲೆಗೆ ಟೋಪಿ. ಮೋಟಾರಿಗೂ ಎಣ್ಣೆ ಬೇಕು, ಅದು ಹಳೆಯದಾಗಿ ಕಪ್ಪಾದರೆ ಕೆಳಗಿನಿಂದ ಬಿಟ್ಟು ಹೊಸದು ಹುಯ್ಯಬೇಕು ಅಂತ ನಮಗೆಲ್ಲ ತಿಳಿದದ್ದು ಆಗಲೇ. ಬಿಟ್ಟ ಎಣ್ಣೆಯನ್ನು ಅವನು ಬಾಣಲೆಯಲ್ಲಿ ತಂದು ಓಣಿಯ ಮೋರಿಗೆ ಸುರಿಯುತ್ತಿದ್ದ. ಆ ಮೋರಿ ಬಾವಿಕಟ್ಟೆಗೆ ತಗುಲಿಕೊಂಡೇ ಹೋಗುತ್ತಿತ್ತು.

ತಾತ ಒಂದು ದಿನ ನೋಡಿದವನು ಜೋಪಡಿಯಿಂದ ಸೀಮೆಎಣ್ಣೆಯ ಖಾಲಿ ಡಬ್ಬ ಹಿಡಿದು ಓಡಿದ.

"ಅಪ್ಪಯ್ಯಾ, ತಡಿ ತಡಿ. ಚೆಲ್ಬೇಡ. ನಂಗ್ ಕೊಡು."

"ಕಕ್ಕಸ್ಸಿಗಿಂತ ಕಡೆ ಇದು. ಏನ್ ಮಾಡ್ತೀಯ, ಒಗ್ಗರಣೆ ಹಾಕ್ತೀಯಾ?"

"ನಮ್ ಗಾಡಿಗೆ ಹಾಕ್ತೀನಿ. ನಿನ್ ಗಾಡಿ ಉಗಿದದ್ದು ನಮ್ ಗಾಡಿ ತಿನ್ಲಿ."

ಪುಣ್ಯಕ್ಕೆ ಕೇಳಿದ್ದಲ್ಲ, ಹರಳೆಣ್ಣೆ ಉಳಿಯುತ್ತದೆ ಅಂತ ಕೇಳಿದ್ದು. ಅದನ್ನು ಅವನೇ ಹೇಳಿದ್ದ. ಆದರೆ ಆ ಎಣ್ಣೆ ಬಲು ನೀರು, ಎಷ್ಟು ಕರಿ ಬೆರೆಸಿದರೂ ಅಚ್ಚಿಗೆ ನಿಲ್ಲುತ್ತಿರಲಿಲ್ಲ. ಗಾಡಿಯವರು ಬೈದರು. ಆಮೇಲೆ ಗೆದ್ದಲು ಹಿಡಿಯದಿರಲೆಂದು ಬೇಲಿಯ ಗೂಟಗಳಿಗೂ ಗಾಡಿಯ ಹಲಗೆಗಳಿಗೂ ಬಳಿದು ಮುಗಿಸುತ್ತಿದ್ದ. ಅದರಿಂದ ಅವನಿಗೆ ಏನೂ ಗಿಟ್ಟುತ್ತಿರಲಿಲ್ಲ. ಆದರೂ ಬಿಡಲಿಲ್ಲ.

"ಬಿಟ್ಬಿಡಿ ತಾತ, ನಿಮಗ್ಯಾಕೆ?" ಅಂದೆ ಒಂದು ಸಲ.

"ನಾ ಬಿಟ್ರೆ ಅವ್ನು ಎಲ್ಲಿಗೆ ಬಿಡ್ತಾನೆ ನೋಡವ್ವ," ಅಂದು ಮೋರಿಯ ಕಡೆ ಗದ್ದ ತೋರಿಸಿದ.

ಕೊಟ್ಟಿಗೆಯ ಹಿಂದೆ ಆ ಡಬ್ಬ ಇಟ್ಟು, ತುಂಬಿಡಪ್ಪಾ, ನಾನು ಬಂದು ಒಯ್ಯುತ್ತೇನೆ ಅಂತ ಹೇಳಿ ಹೋಗುತ್ತಿದ್ದ. ವಕೀಲರ ಮನೆಯ ಅಡುಗೆಯವಳು ಅದನ್ನು ಬೂದಿ ಹಾಕಿ ತಿಕ್ಕಿ ಕರಿಬೇವಿನ ಗಿಡ ನೆಟ್ಟಳು. ಇನ್ನೊಂದು ಇಟ್ಟ. ಅದನ್ನು ಡ್ರೈವರು ಬೋರಲು ಹಾಕಿ ಮೇಲೆ ಕೂತು ಬೀಡಿ ಸೇದುತ್ತಿದ್ದ. ಡಬ್ಬದ ಮೇಲೆ ತಾನು, ಎಣ್ಣೆ ಮೋರಿಗೆ. ಸೊಪ್ಪು ಬಿಡಿಸುತ್ತಾ ಹಿತ್ತಿಲ ಬಾಗಿಲಿನಿಂದ ನಾನೇ ನೋಡಿದ್ದೇನೆ.

ತಾತ ವಕೀಲರ ಹತ್ತಿರ ಹೋದ ದಿನ ಅವರ ಅಡುಗೆಮನೆಗೆ ಸೊಪ್ಪು ಕೊಡಲು ನಾನೂ ಹೋಗಿದ್ದೆ. ವಕೀಲರು ಕೆಟ್ಟವರಲ್ಲ. ಕೂರಯ್ಯ ಅಂದರು. ಇವನು ನಿಂತೇ ಹೇಳಿದ.

"ಮುನಿಸಿಪಾಲಿಟಿಯವರೇ ಸೊಳ್ಳೆ ಸಾಯ್ಲಿ ಅಂತ ಮೋರಿಗೆ ಎಣ್ಣೆ ಬಿಡಿಸ್ತಾರೆ," ಅಂದರು ವಕೀಲರು. "ನಾವು ಪುಗಸಟ್ಟೆ ಬಿಡ್ತಿದೀವಿ. ಸಂತೋಷ ಪಡಬೇಕು ನೀನು."

"ಸೊಳ್ಳೆ ಸಾಯ್ತವೆ ಸ್ವಾಮಿ. ನಾವೂ ಅದ್ರ ಪಕ್ಕದಲ್ಲೇ ನೀರ್ ಸೇದೋದು."

ವಕೀಲರು ನಕ್ಕರು. ಮುದುಕನ ಮಾತು ಚೆನ್ನಾಗಿದೆ ಅಂದರು. ಡ್ರೈವರಿಗೆ ಹೇಳುತ್ತೇನೆ ಅಂದರು. ಹೇಳಿದರೋ ಬಿಟ್ಟರೋ, ಎಣ್ಣೆಯಂತೂ ಮೋರಿಗೇ ಹೋಯಿತು.

ಮುಂಗಾರಿನ ಮೊದಲ ಜೋರು ಮಳೆಗೆ ಮೋರಿ ಉಕ್ಕಿ ಬಾವಿಗೆ ಇಳಿಯಿತು. ಬೆಳಗ್ಗೆ ಬಗ್ಗಿ ನೋಡಿದರೆ ನೀರಿನ ಮೇಲೆ ನವಿಲುಗರಿಯ ಬಣ್ಣ. ಪಕ್ಕದ ಮನೆಯವಳು ಎಷ್ಟು ಚೆಂದ ಅಂದಳು. ನಾನು ಅದೇ ನೀರಿನಲ್ಲಿ ಸೊಪ್ಪು ತೊಳೆದೆ, ಇನ್ನೆಲ್ಲಿ ತೊಳೆಯಲಿ. ಮಾರ್ಕೆಟ್ಟಿನಲ್ಲಿ ಕೊಳ್ಳಲು ಬಂದವರು ಮೂಸಿ ಮೂಸಿ ಬಿಸಾಡಿದರು. ಮಾವನವರು ಸೊಪ್ಪಿನ ಕುಕ್ಕೆ ಹಾಗೇ ಹೊತ್ತು ತಂದು ಅಂಗಳದಲ್ಲಿ ಕುಕ್ಕಿದರು. ದಂಟು, ಕೀರೆ, ಮೆಂತ್ಯ, ಎಲ್ಲ.

ಆ ಸಂಜೆ ಹೊಂಗೆಮರದ ಕೆಳಗೆ ಸಾಲಿನ ಗಂಡಸರು ಸೇರಿದರು. ಸಾಲಿಗೆ ಯಜಮಾನರು ನಮ್ಮ ಮಾವನವರೇ. ಯಾರೋ ಬಾವಿಯ ಹಗ್ಗ ಎಳೆದು ತೋರಿಸಿದರು. ಹಗ್ಗದ ತುಂಬ ಕಪ್ಪು ಬೆರಳಿನ ಗುರುತು. ಮೋಟಾರು ಬಿಚ್ಚಿದ ಕೈಯಲ್ಲೇ ದಿನಾ ಬೆಳಗ್ಗೆ ಆ ಡ್ರೈವರು ಬಂದು ಗಾಡಿ ತೊಳೆಯಲು ನೀರು ಸೇದುತ್ತಿದ್ದ. ಅಲ್ಲಿದ್ದವರಲ್ಲಿ ಅದನ್ನು ನೋಡದವರು ಯಾರೂ ಇಲ್ಲ.

"ಈ ಕೈ ಯಾರ್ದು ಚಿಕ್ಕಪ್ಪ?" ಅಂದರು ಮಾವ.

ತಾತ ಕೈ ಮುಂದೆ ಚಾಚಿದ. "ನಂದಲ್ಲ. ನಾ ಹಗ್ಗ ಮುಟ್ಟಾಕಿಲ್ಲ, ನಿಂಗೂ ಗೊತ್ತು."

"ಕಪ್ಪು ಕೈ ಇಲ್ಲಿ ಇನ್ಯಾರಿಗದೆ?"

"ಯಾರಿಗದೆ ಅಂತ ನೀನೇ ಹೇಳು ಮಗಾ. ನನ್ ಬಾಯಲ್ಲಿ ಯಾಕ್ ಹೇಳಿಸ್ತೀಯ?"

ಕೆಂಪಾಂಬುಧಿ ಕೆರೆಯ ಹಿಂದೆ ಇದ್ದ ನಮ್ಮ ಸೊಪ್ಪಿನ ತೋಟದ ಮೇಲೆ ದಾಯಾದಿಗಳು ಕೇಸು ಹಾಕಿದ್ದರು. ಆ ಕೇಸು ನಡೆಸುತ್ತಿದ್ದವರು ಅದೇ ವಕೀಲರು. ತೋಟ ಹೋದರೆ ಮನೆಗೆ ಅನ್ನವಿಲ್ಲ. ಮಾವನವರ ಲೆಕ್ಕ ಅಷ್ಟೇ. ಮಿಕ್ಕವರು ಮಾವನವರ ಮುಖ ನೋಡಿಕೊಂಡು ಸುಮ್ಮನಿದ್ದರು.

ನಾನು ಬಾಗಿಲಲ್ಲಿದ್ದೆ. ಅಲ್ಲಿಂದಲೇ ಕೂಗಿ ಹೇಳಿದೆ, "ತಾತಂಗೆ ನಾನೇ ನೀರು ಹುಯ್ಯೋದು. ಹಗ್ಗ ಹಿಡಿಯೋದು ಆ ಡ್ರೈವರು." ಅತ್ತೆ ಸೆರಗು ಹಿಡಿದು ಒಳಕ್ಕೆ ಎಳೆದರು. "ಗಂಡಸ್ರು ಕೂತಿರೋ ಕಡೆ ನಿಂದೇನೇ? ತೋಟ ನಿಮ್ಮಪ್ಪ ಬಿಡಿಸ್ಕೊಡ್ತಾನಾ?" ನನ್ನ ಮಾತು ಎಲ್ಲರ ಕಿವಿಗೂ ಬಿದ್ದಿತ್ತು. ಬಿದ್ದದ್ದು ಅಲ್ಲೇ ಇತ್ತು.

ಜೋಪಡಿ ಕಿತ್ತುಕೊಂಡು ಹೋಗಬೇಕು ಅಂತ ತೀರ್ಮಾನವಾಯಿತು. ತಾತ ಅದಕ್ಕೆ ಎದುರಾಡಲಿಲ್ಲ. ಒಂದೇ ಒಂದು ಮಾತು ಕೇಳಿದ.

"ನೀರ್ ಮೇಲೆ ಒಣಹುಲ್ಲು ಹರಡಿ ಮೇಲಿಂದ ಮೇಲೆ ಎಳ್ದ್ರೆ ಎಣ್ಣೆ ಹುಲ್ಲಿಗೆ ಹಿಡೀತದೆ. ಒಂದ್ ದಿನ ಬಿಡಿ, ಬಾವಿಗ್ ಇಳ್ದು ಬಳ್ದು ಹೋಗ್ತೀನಿ."

"ಸಾಕು," ಅಂದರು ಮಾವ. "ಮತ್ತೆ ಆ ಕೈ ಬಾವಿಗೆ ಇಕ್ಕಬೇಡ."

ಇಳಿಯಬೇಕಾದರೆ ಹಗ್ಗ ಹಿಡಿಯಲೇಬೇಕು. ಅಷ್ಟು ವರ್ಷ ಮುಟ್ಟದವನು ಅವತ್ತು ಮುಟ್ಟುವುದಕ್ಕೆ ಕೇಳಿಕೊಂಡ, ಕೊಡಲಿಲ್ಲ. ಬೆಳಗ್ಗೆ ತಟ್ಟಿ, ಗೊಟ್ಟ, ಡಬ್ಬ ಎಲ್ಲ ಹೊತ್ತುಕೊಂಡು ಹೊರಟಾಗ ಎಂದಿನ ಹಾಗೆ ದೂರ ನಿಂತು ನೀರು ಹುಯ್ಯವ್ವ ಅಂದ. ಹುಯ್ದೆ. ಒಂದು ಗುಟುಕು ಕುಡಿದು ಉಗಿದ. "ಇನ್ ಇದನ್ನ ಕುಡೀಬ್ಯಾಡ. ಬೀದಿ ನಲ್ಲಿಗೆ ಹೋಗು," ಅಂದ. ತಮ್ಮನ ವಿಷಯ ಕೇಳಲಿಲ್ಲ.

ಬಾವಿ ಮತ್ತೆ ಸರಿಯಾಗಲಿಲ್ಲ. ಎಲ್ಲರೂ ಬೀದಿಯ ನಲ್ಲಿಗೆ ಬಿಂದಿಗೆ ಹೊತ್ತೆವು. ಸೊಪ್ಪು ತೊಳೆಯಲು ಅಲ್ಲಿ ಬಿಡುತ್ತಿರಲಿಲ್ಲ, ಸೊಪ್ಪಿನ ವ್ಯಾಪಾರವೂ ಹಾಳಾಯಿತು. ಬಾವಿಯ ಹಗ್ಗ ಹಿಡಿಯುವವನು ಡ್ರೈವರು ಒಬ್ಬನೇ, ಮೋಟಾರಿಗೆ ಆ ನೀರು ಸಾಕಲ್ಲ. ಎಣ್ಣೆಯನ್ನು ಮೋರಿಗೆ ಸುರಿಯುವುದು ತಪ್ಪಲಿಲ್ಲ. ಓಡಿ ಹೋಗಿ ಡಬ್ಬ ಹಿಡಿಯುವವರು ಇರಲಿಲ್ಲ. ತೋಟದ ಕೇಸೂ ನಮ್ಮ ಕಡೆ ಆಗಲಿಲ್ಲ. ಅದನ್ನು ಮಾವನವರು ಸಾಯುವವರೆಗೂ ಯಾರಿಗೂ ಹೇಳಲಿಲ್ಲ, ನಾನು ಹೇಳುತ್ತಿದ್ದೇನೆ.

ಮುಂದಿನ ಬೇಸಗೆಯಲ್ಲಿ ಒಬ್ಬ ಗಾಡಿಯವನು ಮನೆ ಹುಡುಕಿಕೊಂಡು ಬಂದ. ಸುಲ್ತಾನ್‌ಪೇಟೆಯಲ್ಲಿ ಗಾಡಿಗಳ ಕೆಳಗೇ ಮಲಗುತ್ತಿದ್ದನಂತೆ ತಾತ. ಜ್ವರ ಬಂದು ಹೋಗಿಬಿಟ್ಟ ಅಂದ. ಅವತ್ತೇ ಮಣ್ಣು ಮಾಡಿ ಬಂದಿದ್ದರು.

"ನಮ್ಮೋರು ಅಂತ ಹೇಳ್ಬಾರ್ದಿತ್ತಾ?" ಅಂದರು ಅತ್ತೆ.

"ಯಾರೂ ಇಲ್ಲ ಅಂದಿದ್ದಮ್ಮ ಅವ್ನು. ಈ ಓಣೀಲಿದ್ದ ಅಂತ ಆಮೇಲೆ ಯಾರೋ ಅಂದ್ರು. ಬಿಂದಿಗೆ ಬಿಂದಿಗೆ ನೀರು ಹುಯ್ದು ಕೈ ತೊಳ್ದ್ವಿ, ಸೀಗೆಪುಡಿ ಹಾಕಿ ಉಜ್ಜಿದ್ವಿ. ಹೋಗ್ಲೇ ಇಲ್ಲ. ಹಂಗೇ ಮಲಗಿಸ್ದ್ವಿ."

ಮಾವನವರು ಜಗಲಿಯ ಮೇಲೆ ಕೂತು ಎಲ್ಲ ಕೇಳಿಸಿಕೊಂಡರು. ಎದ್ದು ಒಳಗೆ ಹೋದರು.

ಮಾರನೇ ದಿನ ಬೆಳಗ್ಗೆ, ಡ್ರೈವರು ಬರುವ ಮುಂಚೆ, ಕುಡುಗೋಲು ತೆಗೆದುಕೊಂಡು ಬಾವಿಗೆ ಹೋದೆ. ರಾಟೆಯಿಂದ ಹಗ್ಗ ಕೊಯ್ದು ಸುತ್ತಿಕೊಂಡು ಬಂದೆ. ರಾತ್ರಿಯ ಸೆಖೆಗೆ ಚೆನ್ನಾಗಿ ಒಣಗಿತ್ತು. ಹಂಡೆಯ ಒಲೆಗೆ ತುಂಬಿ ಕಡ್ಡಿ ಗೀರಿದೆ. ಎಣ್ಣೆ ಕುಡಿದ ಹಗ್ಗ, ಭಗ್ಗೆಂದು ಹತ್ತಿತು. ಸೌದೆ ಇಡುವ ಕೆಲಸವೇ ಬೀಳಲಿಲ್ಲ.

ಮಾವನವರು ಬಚ್ಚಲಿಗೆ ಹೋಗಿ ಬಾಗಿಲು ಹಾಕಿಕೊಂಡರು. "ಇವತ್ತು ಬೇಗ ಕಾಯ್ತಲ್ಲಮ್ಮ ನೀರು," ಅಂದರು ಒಳಗಿನಿಂದ.

"ಬಾವಿ ಹಗ್ಗ ಹಾಕಿದೀನಿ ಮಾವ," ಅಂದೆ.

ಒಳಗೆ ಚೊಂಬಿನ ಸದ್ದು ನಿಂತಿತು. ಸ್ವಲ್ಪ ಹೊತ್ತಾದ ಮೇಲೆ ಮತ್ತೆ ನೀರು ಹುಯ್ದುಕೊಂಡ ಸದ್ದು ಕೇಳಿಸಿತು.